ಬಿಸ್ಕೆಟ್ಟಿಗೊಂದು ರ-ಒತ್ತು

ಆ ಶನಿವಾರದ ಫಜೀತಿಗೆಲ್ಲ ಮೂಲ ಒಂದೇ ಒಂದು ರ-ಒತ್ತು. ಚಿಕ್ಕಂದಿನಲ್ಲಿ ಒತ್ತಕ್ಷರ ನುಂಗಿದವರ ಕಿವಿಯನ್ನು ಮೇಷ್ಟರು ಹಿಂಡುತ್ತಿದ್ದರಲ್ಲ, ಶ್ರೀಪತಿ ಆಗ ಹೇಗೋ ನುಣುಚಿಕೊಂಡಿದ್ದ. ನಲವತ್ತೆರಡನೆಯ ವಯಸ್ಸಿನಲ್ಲಿ, ಟೆಕ್ಸಾಸಿನ ಫ್ಲೂಗರ್‌ವಿಲ್‌ನಲ್ಲಿ, ಆ ಬಾಕಿಯೆಲ್ಲ ಒಂದೇ ದಿನದಲ್ಲಿ ಚುಕ್ತಾ ಆಯಿತು.

ಅವತ್ತು ತುಳಸಿ ಹಬ್ಬ. ಬೆಳಗ್ಗೆ ಏಳಕ್ಕೇ ಶ್ರೀಪತಿ ಮನೆ ಮುಂದಿನ ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು ತುಳಸಿ ಕಟ್ಟೆ ತಿಕ್ಕುತ್ತಿದ್ದ. ಈ ಕಟ್ಟೆಯ ಕತೆ ಸ್ವಲ್ಪ ಹೇಳಬೇಕು. ಮೂರು ತಿಂಗಳ ಹಿಂದೆ ಮೈಸೂರಿನಿಂದ ಬಂದಿಳಿದ ಅತ್ತೆ ನಾಗಮಣಿಯಮ್ಮ ಸೂಟ್‌ಕೇಸು ಒಳಗಿಡುವ ಮೊದಲೇ ಅಂಗಳ ನೋಡಿ, “ತುಳಸಿ ಇಲ್ಲದೆ ಇದು ಮನೆಯೋ, ಲಾಡ್ಜೋ?” ಅಂದಿದ್ದರು. ಆಸ್ಟಿನ್ನಿನ ದ ಡೊಮೇನ್ ಬಡಾವಣೆಯ ಆಫೀಸಿನಲ್ಲಿ ಕೂತು ಬೇರೆಯವರ ಸಾಫ್ಟ್‌ವೇರಿನ ತಪ್ಪು ಹುಡುಕುವ ಶ್ರೀಪತಿ ಆವರೆಗೆ ಒಂದು ಮೊಳೆ ಸಹ ನೆಟ್ಟಗೆ ಹೊಡೆದವನಲ್ಲ. ಆದರೂ ವೀಡಿಯೊ ನೋಡಿ ನೋಡಿ ಕೆಂಪು ಇಟ್ಟಿಗೆ ಪೇರಿಸಿ ಸೊಂಟದೆತ್ತರದ ಕಟ್ಟೆ ಕಟ್ಟಿದ. ಮುಂದೆ ದೀಪವಿಡಲು ಒಂದು ಗೂಡು, ಮೇಲೆ ದೇವಸ್ಥಾನದಿಂದ ತಂದ ತುಳಸಿ ಗಿಡ. ಕಟ್ಟೆ ಒಂದಿಷ್ಟು ಎಡಕ್ಕೆ ವಾಲಿತ್ತು, ಅದು ಬೇರೆ ಮಾತು. ನಾಗಮಣಿಯಮ್ಮ ದಿನಾ ಎರಡು ಹೊತ್ತು ದೀಪ, ಧೂಪ, ಕರ್ಪೂರ ಹಚ್ಚಿ ಆ ಗೂಡನ್ನು ಕರ್ರಗೆ ಮಾಡಿಟ್ಟಿದ್ದರು.

ಬಡಾವಣೆಯ ಮನೆಮಾಲೀಕರ ಸಂಘದವರು ಬಿಡುತ್ತಾರೆಯೇ? ಎಚ್‌ಓಎ ಅಂದರೆ ಅಲ್ಲಿ ಯಮಧರ್ಮನ ಆಫೀಸು. ಹುಲ್ಲು ಒಂದಂಗುಲ ಬೆಳೆದರೆ ನೋಟಿಸು, ಕಸದ ಡಬ್ಬಿ ಒಂದು ದಿನ ಹೊರಗಿದ್ದರೆ ನೋಟಿಸು. ‘ಮುಂದಿನ ಅಂಗಳದಲ್ಲಿ ಅನುಮತಿಯಿಲ್ಲದ ಕಟ್ಟಡ, ತೆಗೆಯತಕ್ಕದ್ದು’ ಎಂದು ಶ್ರೀಪತಿಗೂ ಬಂತು. ಇವತ್ತು ಸಂಜೆ ಆರಕ್ಕೆ ಪಾರ್ಕಿನಲ್ಲಿ ಸಂಘದ ಊಟ, ಅಲ್ಲೇ ಇದರ ತೀರ್ಮಾನ.

“ಕಟ್ಟೆ ಎದ್ದ ದಿನ ನನ್ನ ಸೂಟ್‌ಕೇಸೂ ಏಳುತ್ತೆ,” ಅಂತ ನಾಗಮಣಿಯಮ್ಮ ಆಗಲೇ ಘೋಷಿಸಿದ್ದರು. ಅತ್ತೆ ಹೊರಟರೆ ಅಳಿಯನಿಗೇನು ನಷ್ಟ ಅನ್ನಬೇಡಿ. ಹೆಂಡತಿ ನಿಖಿತಾ ಅದರ ಬೆನ್ನಿಗೇ, “ಅಮ್ಮನ್ನ ಬಿಡೋಕೆ ನಾನೂ ಹೋಗ್ತೀನಿ. ವಾಪಸ್ ಬರೋ ಟಿಕೆಟ್ ಮಾಡಿಸ್ತೀನೋ ಇಲ್ವೋ, ಆಗ ನೋಡೋಣ,” ಅಂದಿದ್ದಳು. ಹೀಗಾಗಿ ಆ ವಾಲಿದ ಇಟ್ಟಿಗೆ ಕಟ್ಟೆಯ ಮೇಲೆ ಶ್ರೀಪತಿಯ ಇಡೀ ಸಂಸಾರ ನಿಂತಿತ್ತು.

ಕಟ್ಟೆ ತಿಕ್ಕುತ್ತಿದ್ದವನ ಮುಂದೆ ಪಕ್ಕದ ಮನೆ ವೇಯ್ನ್ ಬಂದು ನಿಂತ. ಆರಡಿ ಮೇಲೆ ನಾಲ್ಕಂಗುಲ ಆಳು, ಬಾಯಲ್ಲಿ ಸದಾ ಒಂದು ಹಲ್ಲುಕಡ್ಡಿ, ಎಚ್‌ಓಎ ಅಧ್ಯಕ್ಷ ಬೇರೆ. ಶ್ರೀಪತಿಯ ಹೆಸರಿನ ರ-ಒತ್ತನ್ನು ಬಂದ ದಿನದಿಂದಲೂ ನುಂಗಿ ನೀರು ಕುಡಿದಿದ್ದ.

“ಶೀಪಾಟಿ! ಮಗಳಿಗೆ ಹೆರಿಗೆ ನೋವು ಶುರುವಾಯ್ತಂತೆ, ಹ್ಯೂಸ್ಟನ್‌ಗೆ ಹೊರಟೆ. ಸಂಜೆಗೆ ಬಂದುಬಿಡ್ತೀನಿ. ಹಿತ್ತಲ ಸ್ಮೋಕರ್‌ನಲ್ಲಿ ಪಾರ್ಕಿನ ಊಟಕ್ಕೆ ಬ್ರಿಸ್ಕೆಟ್ ಇಟ್ಟಿದೀನಿ. ಬೆಂಕಿ ಅದರ ಪಾಡಿಗೆ ಉರಿಯುತ್ತೆ. ಗಂಟೆಗೊಂದು ಸಲ ಸ್ಪ್ರೇ ಬಾಟಲಿಂದ ಒದ್ದೆ ಮಾಡ್ತಾ ಇದ್ರೆ ಸಾಕು. ಒಣಗೋಕೆ ಮಾತ್ರ ಬಿಡಬೇಡ, ನನ್ನ ಮಾನದ ಪ್ರಶ್ನೆ!” ಅಂತ ವೇಯ್ನ್ ಹಲ್ಲುಕಡ್ಡಿಯ ಸಂದಿಯಿಂದ ಗಡಿಬಿಡಿಯ ಇಂಗ್ಲಿಷಿನಲ್ಲಿ ಹೇಳಿದ. ಆಮೇಲೆ ಕಟ್ಟೆಯ ಕಡೆ ಕಣ್ಣು ಹೊಡೆದು, “ನೀನು ಅದನ್ನ ನೋಡ್ಕೋ, ನಿನ್ನ ಇದನ್ನ ನಾನು ನೋಡ್ಕೋತೀನಿ,” ಅಂದ.

ಶ್ರೀಪತಿ ನ್ಯೂಜೆರ್ಸಿಯಿಂದ ಆಸ್ಟಿನ್ನಿನ ಪಕ್ಕದ ಈ ಊರಿಗೆ ಶಿಫ್ಟ್ ಆಗಿ ನಾಲ್ಕು ತಿಂಗಳಾಗಿತ್ತು. ಆಫೀಸಿನಲ್ಲಿ ತನ್ನ ಚಿತ್ರಾನ್ನದ ಡಬ್ಬಿ ಬಿಟ್ಟು ಪಕ್ಕದವರ ತಟ್ಟೆಯತ್ತ ಕಣ್ಣೆತ್ತಿಯೂ ನೋಡದ ಸಭ್ಯ ಮನುಷ್ಯ. ಅವನ ಕಿವಿಗೆ ಬಿದ್ದದ್ದು ‘ಬಿಸ್ಕೆಟ್’. ಬಿಸ್ಕೆಟ್ಟು ಗರಿಗರಿ ಇರಬೇಕಲ್ಲ, ಇದನ್ನೇಕೆ ಒದ್ದೆ ಮಾಡಬೇಕು ಅನ್ನಿಸಿದ್ದು ನಿಜ. ಆದರೆ ಅಮೆರಿಕದವರ ಬಿಸ್ಕೆಟ್ಟು ಬನ್ನಿನ ಥರ ಮೆತ್ತಗಿರುತ್ತದೆ ಎಂದು ಎಲ್ಲೋ ನೋಡಿದ್ದ.

“ಅಷ್ಟೇ ತಾನೆ? ನಿಶ್ಚಿಂತೆಯಾಗಿ ಹೋಗಿ ಬನ್ನಿ!” ಅಂದ. ವೇಯ್ನ್ ಮನೆಗೆ ಬೀಗ ಜಡಿದು ಟ್ರಕ್ಕು ಹತ್ತಿ ಹೋದ.

ಶ್ರೀಪತಿ ಒಳಗೆ ಬಂದು ಎದೆಯುಬ್ಬಿಸಿ ಸುದ್ದಿ ಹೇಳಿದ. “ಕಟ್ಟೆ ಉಳೀತು ಅಂತ ತಿಳ್ಕೊಳ್ಳಿ. ವೇಯ್ನ್ ಮಗಳ ಹೆರಿಗೆ ಅಂತ ಹೋಗ್ತಾ ಬಿಸ್ಕೆಟ್ ಬೇಯೋಕಿಟ್ಟಿದಾನೆ, ನೋಡ್ಕೊಂಡ್ರೆ ಸಾಕಂತೆ.”

“ಪಾಪ, ಒಳ್ಳೆ ಮನುಷ್ಯ,” ಅಂದರು ನಾಗಮಣಿಯಮ್ಮ. “ಮೊಟ್ಟೆ ಗಿಟ್ಟೆ ಹಾಕಿಲ್ಲ ತಾನೆ?”

“ವಿಚಾರಿಸ್ತೀನಿ ಅತ್ತೆ.”

ವಿಚಾರಿಸುವ ಪ್ರಮೇಯವೇ ಬರಲಿಲ್ಲ. ಎರಡು ಹಿತ್ತಲ ನಡುವಿನ ಬೇಲಿಯ ಗೇಟು ದಾಟಿ, ಹೊಗೆಯಲ್ಲೇ ಬೇಯಿಸುವ, ಕಬ್ಬಿಣದ ಪೀಪಾಯಿಯಂಥ ಸ್ಮೋಕರಿನ ಮುಚ್ಚಳ ಎತ್ತಿದಾಗ ಹೊಗೆ ದಪ್ಪನೆ ಮುಖಕ್ಕೆ ಬಡಿಯಿತು. ಹೊಗೆ ಸರಿದ ಮೇಲೆ ಒಳಗೆ ಕಂಡದ್ದು ದಿಂಬಿನಷ್ಟು ದೊಡ್ಡ, ಕಂದುಗಪ್ಪು ಬಣ್ಣದ, ಕೊಬ್ಬು ಜಿನುಗುತ್ತ ಮಿರಮಿರ ಮಿಂಚುವ ಒಂದು ವಸ್ತು. ಯಾವ ಬೇಕರಿಯವನೂ ಅದನ್ನು ಬಿಸ್ಕೆಟ್ಟು ಅನ್ನಲಾರ. ಶ್ರೀಪತಿ ಮುಚ್ಚಳವನ್ನು ದಢಾರನೆ ಹಾಕಿ, ಗೇಟಿನ ಈಚೆ ಬಂದು ನಿಂತು, ಪ್ರಹ್ಲಾದನಿಗೆ ಫೋನ್ ಮಾಡಿದ.

ಪ್ರಹ್ಲಾದ ಹುಬ್ಬಳ್ಳಿಯವನು, ಆಫೀಸಿನಲ್ಲಿ ಪಕ್ಕದ ಸೀಟು, ಟೆಕ್ಸಾಸಿನಲ್ಲಿ ಹತ್ತು ವರ್ಷ ಪಳಗಿದವನು. ಅವತ್ತು ಡಾಲಸ್‌ನಲ್ಲಿ ಕ್ರಿಕೆಟ್ ಟೂರ್ನಮೆಂಟು, ಬೌಂಡರಿ ಗೆರೆಯ ಮೇಲೆ ಫೀಲ್ಡಿಂಗ್ ಮಾಡುತ್ತಲೇ ಫೋನ್ ಎತ್ತಿದ.

“ಬಿಸ್ಕೀಟ್ ಅಲ್ರೀ ಶ್ರೀಪತಿಯವರ, ಬ್ರಿಸ್ಕೆಟ್! ಬ-ಗೆ ಇ, ಕೆಳಗ ರ-ಒತ್ತು! ದನದ ಎದಿ ಮಾಂಸರೀ ಅದು!”

“ಅಯ್ಯೋ ರಾಮ! ಈಗೇನ್ರೀ ಮಾಡ್ಲಿ? ಬಿಟ್ಟು ಓಡಿಹೋಗ್ಲಾ?”

“ಓಡಿ ಹೋದ್ರ ಅದು ಒಣಗಿ ಚಪ್ಪಲಿ ಆಗ್ತೈತಿ. ಇವರ ಬ್ರಿಸ್ಕೆಟ್ ಒಣಗಿಸಿದ್ರ ಮುಗೀತ್ರೀ, ಈ ಜನ್ಮದಾಗ ಕ್ಷಮಿಸಂಗಿಲ್ಲ. ಅದರ ಕೆಳಗ ಒಂದು ತಟ್ಟಿಯೊಳಗ ನೀರಿಟ್ಟಿರ್ತಾರ, ಅದು ಬತ್ತಬಾರದು. ಮ್ಯಾಲೆ ಗಂಟೆಗೊಮ್ಮೆ ಸ್ಪ್ರೇ. ಮುಚ್ಚಳ ಭಾಳೊತ್ತು ತೆಗೀಬ್ಯಾಡ್ರಿ. ಅಂಚು ಮೊದಲ ಒಣಗ್ತಾವ, ಅಲ್ಲಿ ಒಂಚೂರು ಜಾಸ್ತಿ ಹೊಡೀರಿ. ಹದ ಬಂದ್ರ ಏನ್ ರುಚಿ ಅಂತೀರಿ…”

“ನಿಮಗೆ ಹೇಗ್ರೀ ಇದೆಲ್ಲ ಗೊತ್ತು?”

“ಎಲ್ಲೋ ಓದೇನ್ರೀ,” ಅಂದ ಪ್ರಹ್ಲಾದ. ಬರೀ ಓದಿದವನ ಬಾಯಲ್ಲಿ ಅಷ್ಟೊಂದು ನೀರು ಊರುವುದಿಲ್ಲ ಎಂದು ಶ್ರೀಪತಿಗೆ ಅನ್ನಿಸಿತು. ಆದರೆ ವಾದ ಮಾಡುವ ಹೊತ್ತಲ್ಲ ಅದು.

ಗೇಟಿನ ಆ ಕಡೆ ದನದ ಎದೆ, ಈ ಕಡೆ ತುಳಸಿ ಕಟ್ಟೆ. ಅದನ್ನು ಒದ್ದೆ ಮಾಡದಿದ್ದರೆ ಇದು ಉರುಳುತ್ತದೆ. ಶ್ರೀಪತಿ ಆಕಾಶ ನೋಡಿ, “ತುಳಸಮ್ಮ, ಇದೆಲ್ಲ ನಿನಗೋಸ್ಕರ, ಗೊತ್ತಿರಲಿ,” ಅಂತ ಹೇಳಿ ಮೂಗಿಗೆ ಟವೆಲ್ ಬಿಗಿದುಕೊಂಡು ಗೇಟಿನೊಳಗೆ ನುಗ್ಗಿದ.

ಸ್ಪ್ರೇ ಹೊಡೆಯುವಾಗ ಅವನು ಕಣ್ಣು ಮುಚ್ಚಿ ಮುಖ ಆಚೆ ತಿರುಗಿಸುತ್ತಿದ್ದ. ಹೀಗಾಗಿ ಅರ್ಧ ಬ್ರಿಸ್ಕೆಟ್ಟಿಗೆ, ಇನ್ನರ್ಧ ವೇಯ್ನ್‌ನ ಹುಲ್ಲಿಗೆ ಬೀಳುತ್ತಿತ್ತು. ಪ್ರತಿ ಸಲ ವಾಪಸ್ ಬಂದು ಹಿಂಬಾಗಿಲಿನಿಂದಲೇ ಬಚ್ಚಲಿಗೆ ನುಗ್ಗಿ ತಲೆಗೆ ನೀರು ಹುಯ್ದುಕೊಳ್ಳುತ್ತಿದ್ದ. ಮೂರನೆಯ ಸ್ನಾನಕ್ಕೆ ಬಿಸಿನೀರು ಖಾಲಿ. ನವೆಂಬರಿನ ತಣ್ಣೀರಿಗೆ ಹಲ್ಲು ಕಟಕಟ ಎನ್ನುವಾಗ ಹೊರಗೆ ಅತ್ತೆಯ ಮಾತು ಕೇಳಿಸಿತು.

“ನೋಡಿ ಅನಸೂಯಮ್ಮ, ನಮ್ಮಳಿಯ! ಹಬ್ಬ ಅಂತ ಮೂರು ಸಲ ಸ್ನಾನ. ಈ ಕಾಲದಲ್ಲಿ ಯಾರು ಮಾಡ್ತಾರೆ ಹೇಳಿ?”

ಅನಸೂಯಮ್ಮ ಮೂರನೆಯ ಮನೆಯವರ ಅಮ್ಮ. ಅವರೂ ಮೈಸೂರಿನಿಂದ ಮಗಳ ಮನೆಗೆ ಆರು ತಿಂಗಳಿಗೆ ಬಂದವರು, ನಾಗಮಣಿಯಮ್ಮನ ವಾಕಿಂಗ್ ಜೋಡಿ. ಬಡಾವಣೆಯಲ್ಲಿ ಯಾರ ಮನೆಯ ಒಗ್ಗರಣೆಗೆ ಇಂಗು ಜಾಸ್ತಿಯಾಯಿತು ಎಂದು ಫುಟ್‌ಪಾತಿನಿಂದಲೇ ಹೇಳಬಲ್ಲ ಮೂಗು ಅವರದು. ಆ ಮೂಗು ಈಗ ಅರಳಿತು.

“ಅದೆಲ್ಲ ಸರಿ ನಾಗಮಣಿ. ನಿಮ್ಮಳಿಯನ ಮೈಯಿಂದ ಹೊಗೆ ವಾಸನೆ ಬರ್ತಿದೆಯಲ್ಲ? ಸಿಗರೇಟು ಸೇದಿ ಬಂದು ಸ್ನಾನ ಮಾಡೋರನ್ನ ನಾನು ಬೇಕಾದಷ್ಟು ನೋಡಿದೀನಮ್ಮ. ನಮ್ಮನೆಯವರೂ ಮೊದಮೊದಲು ಹೀಗೇ ಮಡಿವಂತರಾಗಿದ್ರು.”

ಬಚ್ಚಲ ಬಾಗಿಲು ತೆರೆದಾಗ ಎದುರಿಗೆ ನಿಖಿತಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. “ಶ್ರೀಪತಿ, ನಿಜ ಹೇಳು. ಸ್ಮೋಕ್ ಮಾಡ್ತಿದೀಯಾ?”

“ಮಾಡ್ತಿದೀನಿ… ಅಂದ್ರೆ ನಾನಲ್ಲ, ಬ್ರಿ… ಬಿಸ್ಕೆಟ್ ಸ್ಮೋಕ್ ಆಗ್ತಿದೆ!”

“ಬಿಸ್ಕೆಟ್ಟು ಸ್ಮೋಕ್ ಆಗೋಕೆ ಇಡೀ ದಿನ ಬೇಕಾ?” ಅನಸೂಯಮ್ಮ ಹಿಂದಿನಿಂದ ಇಣುಕಿದರು.

“ಟೆಕ್ಸಾಸ್ ಬಿಸ್ಕೆಟ್ ಆಂಟಿ. ಇಲ್ಲಿ ಎಲ್ಲಾ ದೊಡ್ಡದೇ.”

“ಮೊಟ್ಟೆ?” ಅಂದರು ನಾಗಮಣಿಯಮ್ಮ.

“ಒಂದೇ ಒಂದು ಮೊಟ್ಟೆ ಇಲ್ಲ ಅತ್ತೆ. ದೇವರಾಣೆಗೂ ಇಲ್ಲ.” ಅವತ್ತು ಶ್ರೀಪತಿ ಆಡಿದ ಮಾತುಗಳಲ್ಲಿ ಅಪ್ಪಟ ಸತ್ಯ ಅದೊಂದೇ. ನಿಖಿತಾ ಮಾತ್ರ ಅವನನ್ನು ಮೇಲಿಂದ ಕೆಳಗೆ ನೋಡಿ, “ಸಂಜೆ ವಿಚಾರಿಸ್ಕೋತೀನಿ,” ಅಂತ ಹೋದಳು.

ಮುಂದಿನ ಸರದಿಗೆ ಹೋದಾಗ ಬಾಟಲಿ ಪಿಚಕ್ಕನೆ ಸದ್ದು ಮಾಡಿ ಸುಮ್ಮನಾಯಿತು. ಖಾಲಿ. ಅದಕ್ಕೆ ತುಂಬುವ ದ್ರಾವಣ ಬೀಗ ಹಾಕಿದ ಮನೆಯೊಳಗೆ. ಮತ್ತೆ ಡಾಲಸ್ಸಿಗೆ ಫೋನು.

“ಹುಳಿ ಇರಬೇಕ್ರಿ, ಒಂಚೂರು ಸಿಹಿ ಇರಬೇಕು, ತೆಳ್ಳಗಿರಬೇಕು. ಇವರು ಸೇಬಿನ ವಿನೆಗರ್ ಹಾಕ್ತಾರ. ನಿಮ್ಮನ್ಯಾಗ ಹಂತಾದ್ದೇನರ ಐತೇನ್ರಿ?… ಏ ಕ್ಯಾಚ್! ಥೂ, ಬಿತ್ತ್ರಿ ನಿಮ್ಮ ಸಲುವಾಗಿ.”

ಹುಳಿ, ಸಿಹಿ, ತೆಳ್ಳಗೆ. ಮೈಸೂರು ಕಡೆಯವನಿಗೆ ಇದನ್ನು ಬಿಡಿಸಿ ಹೇಳಬೇಕೇ? ಅಡುಗೆಮನೆಯ ಒಲೆಯ ಮೇಲೆ ಹಬ್ಬದ ತಿಳಿಸಾರು, ಹುಣಸೆಹುಳಿ ಬೆಲ್ಲ ಹಾಕಿ ಹದವಾಗಿ ಕುದಿದು ಕೂತಿತ್ತು. ಯಾರೂ ಇಲ್ಲದ್ದು ನೋಡಿ ಶ್ರೀಪತಿ ಮೇಲಿನ ತಿಳಿಯನ್ನು ಲೋಟಕ್ಕೆ ಬಗ್ಗಿಸಿ, ಟೀ ಸೋಸುವ ಜರಡಿಯಲ್ಲಿ ಸೋಸಿ ಬಾಟಲಿಗೆ ತುಂಬಿದ. ತಿರುಗಿದರೆ ಅತ್ತೆ.

“ಏನದು?”

“ಇದಾ? ತುಳಸಿಗೆ… ಔಷಧಿ ಅತ್ತೆ. ಹುಳ ಹತ್ತಬಾರದು ಅಂತ.”

“ಎಷ್ಟು ಕಾಳಜಿ ನಿಮಗೆ! ಕೊಡಿ ಇಲ್ಲಿ.” ನಾಗಮಣಿಯಮ್ಮ ಬಾಟಲಿ ಕಸಿದುಕೊಂಡು ಅಂಗಳಕ್ಕೆ ನಡೆದೇಬಿಟ್ಟರು. ತುಳಸಿಯ ಎಲೆಎಲೆಗೂ, ಕಟ್ಟೆಯ ಸುತ್ತಲೂ, ದೀಪದ ಗೂಡಿನೊಳಕ್ಕೂ ಚೆನ್ನಾಗಿ ಹೊಡೆದರು. “ಘಮ್ ಅಂತಿದೆಯಲ್ಲ! ಥೇಟ್ ನನ್ನ ಸಾರಿನ ಪುಡಿ ವಾಸನೆ.”

“ಆರ್ಗ್ಯಾನಿಕ್ ಅತ್ತೆ,” ಎಂದ ಶ್ರೀಪತಿ ಕ್ಷೀಣವಾಗಿ. ಆ ಬಾಟಲಿ ಬೆಳಗ್ಗೆಯಿಂದ ಎಲ್ಲೆಲ್ಲಿ ಓಡಾಡಿತ್ತು ಅಂತ ಅವನೊಬ್ಬನಿಗೇ ಗೊತ್ತು. ಅವರು ಒಳಗೆ ಹೋದ ಮೇಲೆ ತುಳಸಿಗೆ ಎರಡು ಬಕೆಟ್ ನೀರು ಹುಯ್ದು, ಕೆನ್ನೆ ಕೆನ್ನೆ ಬಡಿದುಕೊಂಡ. ಸಾರಿನ ವಾಸನೆ ಮಾತ್ರ ಇಟ್ಟಿಗೆಗೆ ಹಿಡಿದದ್ದು ಹಿಡಿದೇಬಿಟ್ಟಿತು. ಮತ್ತೊಂದು ಲೋಟ ಸಾರು ಕದ್ದು ಬೇಲಿ ದಾಟಿದ. ಸಾರಿನ ತುಂತುರು ಬಿಸಿ ಮಾಂಸಕ್ಕೆ ತಾಗಿ ಚುಂಯ್ ಅಂತ ಜೀರಿಗೆ ಮೆಣಸಿನ ಘಾಟೆದ್ದಾಗ, ಹಾಳಾದ್ದು, ಅವನ ಹೊಟ್ಟೆ ಒಂದು ಸಲ ಗುರ್ ಎಂದಿತು. ಬೆಳಗ್ಗೆಯಿಂದ ಉಪವಾಸವಿದ್ದವನು ಆ ಹೊಟ್ಟೆಗೆ ಎರಡು ಗುದ್ದಿದ.

ಮಧ್ಯಾಹ್ನದ ಹೊತ್ತಿಗೆ ಹೊಸ ತಲೆನೋವು. ಮಾಂಸಕ್ಕೆ ಚುಚ್ಚಿದ್ದ ಥರ್ಮಾಮೀಟರು ನೂರ ಅರವತ್ತರ ಹತ್ತಿರ ಬಂದು ಸರ್ಕಾರಿ ಕಡತದ ಹಾಗೆ ಕೂತುಬಿಟ್ಟಿತು. ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

“ಅದು ಅಲ್ಲೇ ನಿಂದರ್ತೈತ್ರಿ, ಗಾಬರಿ ಆಗಬ್ಯಾಡ್ರಿ,” ಅಂದ ಪ್ರಹ್ಲಾದ. ಅವನ ಟೀಮು ಸೋತಿತ್ತು, ದನಿಯಲ್ಲಿ ವೈರಾಗ್ಯ ಬಂದಿತ್ತು. “ಅದು ಬೆವರ್ತೈತಿ, ಅದಕ್ಕ ಕಾವು ಏರೂದಿಲ್ಲ. ಈಗ ಪೇಪರಿನ್ಯಾಗ ಸುತ್ತಿ ಇಡ್ರಿ, ರಸ ಒಳಗ ಉಳೀತೈತಿ. ಕಂದು ಪೇಪರಿನ ಸುರುಳಿ ಅಲ್ಲೇ ಇರಬೇಕು ನೋಡ್ರಿ.”

ಇತ್ತು. ಸ್ಮೋಕರಿನ ಪಕ್ಕದ ಮೇಜಿನ ಮೇಲೇ ಇತ್ತು. ಶ್ರೀಪತಿ ಕೈಗವಸು ಹಾಕಿಕೊಳ್ಳುತ್ತಿದ್ದ ಹಾಗೇ ಉತ್ತರದ ಗಾಳಿ ಬೀಸಿ, ಸುರುಳಿ ಬಿಚ್ಚಿಕೊಂಡು, ಬೇಲಿಯ ಮೇಲೆ ಹಾರಿ, ಆಚೆಗಿದ್ದ ಕೊಳದಲ್ಲಿ ಬಾತುಗಳ ಮಧ್ಯೆ ಹೋಗಿ ಕೂತಿತು. ಅವನು ತಲೆ ಮೇಲೆ ಕೈಹೊತ್ತ. ಇನ್ನು ಸುತ್ತುವುದಕ್ಕೆ ಏನಿದೆ? ಮನೆಯಲ್ಲಿ ಹಬ್ಬದೂಟಕ್ಕೆಂದು ನಿಖಿತಾ ಇಂಡಿಯನ್ ಅಂಗಡಿಯಿಂದ ತಂದ ಬಾಳೆಯೆಲೆ ಇತ್ತು. ನಾಲ್ಕು ಎಲೆ ಎಗರಿಸಿ, ಹೂ ಕಟ್ಟುವ ದಾರದ ಉಂಡೆಯನ್ನೂ ಜೇಬಿಗಿಳಿಸಿದ. ಕಣ್ಣು ಅರ್ಧ ಮುಚ್ಚಿ, ಬಾಯಲ್ಲಿ ನಾರಾಯಣ ನಾರಾಯಣ ಅನ್ನುತ್ತ ಆ ದಿಂಬನ್ನು ಕಡುಬಿನ ಹಾಗೆ ಕಟ್ಟಿ ಮತ್ತೆ ಒಳಗಿಟ್ಟ. ಊಟಕ್ಕೆ ಎಲೆ ಸಾಲದೆ ಅನಸೂಯಮ್ಮನಿಗೆ ಪೇಪರ್ ತಟ್ಟೆ ಬಂತು. ಅದನ್ನು ಅವರು ಇನ್ನೂ ಮರೆತಿಲ್ಲ. ಸಾರೂ ಎರಡನೆಯ ಸುತ್ತಿಗೆ ಇರಲಿಲ್ಲ.

ನಾಲ್ಕೂವರೆಗೆ ಶ್ರೀಪತಿ ಪೂಜೆಗೆ ರೆಡಿಯಾದ. ಮದುವೆಯಲ್ಲಿ ಅತ್ತೆ ಕೊಟ್ಟ ಅಗಲ ಜರಿಯಂಚಿನ ರೇಷ್ಮೆ ಪಂಚೆ, ಒಳಗೆ ಅಭ್ಯಾಸಬಲದಿಂದ ಅರ್ಧ ಚಡ್ಡಿ. ಕೊನೆಯ ಸಲ ಇಣುಕಿ ಬರೋಣ ಎಂದು ಹೋದರೆ ಥರ್ಮಾಮೀಟರು ಕೀಕೀ ಅಂತ ಅರಚುತ್ತಿತ್ತು.

“ಆತ್ರಿ! ಇನ್ನ ತೆಗೀರಿ,” ಎಂದ ಪ್ರಹ್ಲಾದ. “ಈಗ ಅದಕ್ಕ ವಿಶ್ರಾಂತಿ ಬೇಕು. ದಪ್ಪ ಬಟ್ಟಿಯೊಳಗ ಸುತ್ತಿ ಐಸ್ ಡಬ್ಬಿಯೊಳಗ ಇಡ್ರಿ, ಐಸ್ ಇಲ್ದ. ಇಲ್ಲಿ ತಪ್ಪಿದ್ರ ದಿನಾ ಪೂರ್ತಿ ಮಾಡಿದ್ದೆಲ್ಲ ನೀರಾಗ ಹೋತ್ರಿ. ರಸ ಎಲ್ಲಾ ಸುರಿದು ಒಣಾ ಕಟ್ಟಿಗಿ.”

“ಅದಕ್ಕೆ ವಿಶ್ರಾಂತಿನಾ? ನನಗೆ ಯಾವಾಗ್ರೀ?”

ಹಿತ್ತಲಲ್ಲಿ ಒಂದು ಚಿಂದಿ ಬಟ್ಟೆಯೂ ಇಲ್ಲ. ಟವೆಲ್ ತರಲು ಮನೆಗೆ ಹೋಗೋಣವೆಂದರೆ ಹಿಂಬಾಗಿಲಲ್ಲಿ ಅನಸೂಯಮ್ಮನ ಮೂಗು ಕಾವಲಿತ್ತು. ಕೈಯಲ್ಲಿ ಬಾಳೆಯೆಲೆಯ ಬಿಸಿ ಗಂಟು, ಎಲೆಯ ಸಂದಿಯಿಂದ ಮೊದಲ ಹನಿ ತೊಟ್ಟಿಕ್ಕಿತು. ಆ ಹನಿಯಲ್ಲಿ ಶ್ರೀಪತಿಗೆ ಕಟ್ಟೆ ಉರುಳಿದ್ದು, ಸೂಟ್‌ಕೇಸು ಎದ್ದದ್ದು, ನಿಖಿತಾ ಏರ್‌ಪೋರ್ಟಿನಲ್ಲಿ ಕೈ ಬೀಸಿದ್ದು ಎಲ್ಲ ಕಂಡುಬಿಟ್ಟಿತು. ಗಂಟನ್ನು ಮೇಜಿನ ಮೇಲಿಟ್ಟು, ಪಂಚೆ ಬಿಚ್ಚಿ, ಅದರಲ್ಲಿ ಸುತ್ತಿ ಸುತ್ತಿ ಮೇಜಿನಡಿಯ ಐಸ್ ಡಬ್ಬಿಯೊಳಗೆ ಮಲಗಿಸಿದ.

ಅರ್ಧ ಚಡ್ಡಿಯಲ್ಲಿ ಪೂಜೆಗೆ ಬಂದು ನಿಂತ ಅಳಿಯನನ್ನು ನೋಡಿ ನಾಗಮಣಿಯಮ್ಮ ಹೌಹಾರಿದರು. “ಪಂಚೆ ಎಲ್ರೀ?”

“ಬಿಸ್ಕೆಟ್ ಬಿಸಿ ಆರಬಾರದಂತೆ ಅತ್ತೆ. ಸುತ್ತಿಟ್ಟೆ.”

“ಅಯ್ಯೋ, ರೇಷ್ಮೆ ಪಂಚೆ!” ಅಂದವರು ಕಟ್ಟೆಯ ಕಡೆ ನೋಡಿ ಕಣ್ಣೊರೆಸಿಕೊಂಡರು. “ತುಳಸಿಗೋಸ್ಕರ ಉಟ್ಟ ಬಟ್ಟೆ ಬಿಚ್ಚಿಕೊಟ್ಟಿದಾರಲ್ಲ! ಇಂಥ ಅಳಿಯ ಯಾರಿಗೆ ಸಿಗ್ತಾನೆ?” ಶ್ರೀಪತಿಗೆ ನಿಜಕ್ಕೂ ಅಳು ಬಂತು. ಹತ್ತು ವರ್ಷದಲ್ಲಿ ಅತ್ತೆ ಇಷ್ಟು ಹೊಗಳಿದ್ದು ಅದೇ ಮೊದಲು, ಅದೂ ಇದಕ್ಕೆ.

ಸಂಜೆ ಕವಿಯಿತು. ಕಟ್ಟೆಯ ತುಂಬ ದೀಪ, ತುಳಸಿಯ ಪಕ್ಕ ನೆಲ್ಲಿಯ ಕೊಂಬೆ, ಧೂಪದ ಹೊಗೆ. ವಾಕಿಂಗ್ ಗುಂಪಿನ ಅಮ್ಮಂದಿರೆಲ್ಲ ಹಾಡು ಶುರುಮಾಡಿದ್ದರು. ಅಷ್ಟರಲ್ಲಿ ವೇಯ್ನ್‌ನ ಟ್ರಕ್ಕು ಬಂತು. ಅವನು ನೇರ ಹಿತ್ತಲಿಗೆ ಹೋದ. ಆಮೇಲೆ ಆ ಕಡೆಯಿಂದ ಬಡಾವಣೆಯೇ ಬೆಚ್ಚಿಬೀಳುವ ಹಾಗೆ ಒಂದು ಕೇಕೆ ಎದ್ದಿತು.

ಮೂಲೆ ತಿರುಗಿ ವೇಯ್ನ್ ಬಂದ. ಕೆನ್ನೆ ಮೇಲೆ ನೀರು, ಎರಡೂ ಕೈಯಲ್ಲಿ ಜರಿಯಂಚಿನ ಪಂಚೆಯ ಗಂಟನ್ನು ಎದೆಗವಚಿಕೊಂಡಿದ್ದ. ಹಾಡು ನಿಂತಿತು.

“ಅಯ್ಯೋ, ಮಗಳಿಗೆ ಹೆರಿಗೆ ಅಂತ ಹೋಗಿದ್ರಲ್ಲ! ಕೂಸನ್ನ ಎತ್ಕೊಂಡೇ ಬಂದುಬಿಟ್ರಾ?” ಅನಸೂಯಮ್ಮ ಆರತಿ ತಟ್ಟೆ ಹಿಡಿದು ಓಡಿದರು. ಶ್ರೀಪತಿ “ಆಂಟೀ, ಬೇಡ!” ಅನ್ನುವುದರೊಳಗೆ ಗಂಟಿಗೆ ಮೂರು ಸುತ್ತು ಆರತಿಯಾಗಿ, ದೃಷ್ಟಿ ತೆಗೆದು, ಪಂಚೆಯಂಚಿಗೆ ಕುಂಕುಮವೂ ಬಿದ್ದಿತ್ತು. ವೇಯ್ನ್‌ಗೆ ಏನೂ ಅರ್ಥವಾಗದಿದ್ದರೂ, ತನ್ನ ಬ್ರಿಸ್ಕೆಟ್ಟಿಗೆ ಇಷ್ಟು ಮರ್ಯಾದೆ ಎಲ್ಲೂ ಸಿಕ್ಕಿರಲಿಲ್ಲ ಎಂದು ಟೋಪಿ ತೆಗೆದು ನಿಂತ.

“ಮೊಮ್ಮಗಳು ಹುಟ್ಟಿದಳು, ಹ್ಯೂಸ್ಟನ್‌ನಲ್ಲಿ ಹಾಯಾಗಿದಾಳೆ!” ಅಂದ. “ಆದರೆ ಶೀಪಾಟಿ, ಇದು! ಒಂದು ತುಂಡು ಬಾಯಿಗಿಟ್ಟೆ. ರಸ ಅಂದ್ರೆ ರಸ! ಮೂವತ್ತು ವರ್ಷದಲ್ಲಿ ನನ್ನ ಕೈಲಿ ಇಷ್ಟು ಮೆತ್ತಗೆ ಬಂದಿಲ್ಲ. ಅದೇನೋ ಹುಳಿ, ಅದೇನೋ ಘಾಟು. ಏನು ಹಾಕಿದೆ?”

ಶ್ರೀಪತಿ ಬಾಯಿ ತೆರೆಯುವ ಮೊದಲೇ ವೇಯ್ನ್‌ನ ಮೂಗು ಅಲುಗಾಡಿತು. ಗಂಟನ್ನು ಹುಲ್ಲಿನ ಮೇಲಿಟ್ಟು, ಮೂಸುತ್ತ ಮೂಸುತ್ತ ಕಟ್ಟೆಯ ಹತ್ತಿರ ಹೋಗಿ ಮಂಡಿಯೂರಿದ. ಅಮ್ಮಂದಿರು “ನಮಸ್ಕಾರ ಮಾಡ್ತಿದಾರೆ ನೋಡ್ರೇ!” ಎಂದು ಪುಳಕಗೊಂಡರು. ವೇಯ್ನ್ ಇಟ್ಟಿಗೆ ಮೂಸಿದ, ಎಲೆ ಮೂಸಿದ, ಮಸಿ ಹಿಡಿದ ಗೂಡಿನಲ್ಲಿ ಬೆರಳಾಡಿಸಿ ಅದನ್ನೂ ಮೂಸಿ, ತೊಡೆ ತಟ್ಟಿಕೊಂಡು ಎದ್ದ.

“ಇದೇ ವಾಸನೆ! ಮೂರು ತಿಂಗಳಿಂದ ಇದೇನು ಅಂತ ತಲೆ ಕೆಡಿಸ್ಕೊಂಡಿದ್ದೆ ನೋಡು. ಇಟ್ಟಿಗೆ ಗೋಡೆ, ಕೆಳಗೆ ಬೆಂಕಿ ಗೂಡು, ದಿನಾ ಎರಡು ಹೊತ್ತು ಹೊಗೆ, ಮೇಲೆ ಮಸಾಲೆ ಸೊಪ್ಪು! ಇದು ಸ್ಮೋಕರ್! ನೀನೊಬ್ಬ ದೊಡ್ಡ ಬಾಣಸಿಗ ಅಂತ ಒಂದು ಮಾತು ಹೇಳಬಾರದಿತ್ತಾ ಮಾರಾಯ? ಈಗಲೇ ಪಾರ್ಕಲ್ಲಿ ಕಮಿಟಿಗೆ ಹೇಳಿಬಿಡ್ತೀನಿ. ಪಾಸ್! ಟೆಕ್ಸಾಸಲ್ಲಿ ಇನ್ನೊಬ್ಬನ ಸ್ಮೋಕರ್ ಕೆಡವೋ ಗಂಡಸು ಇನ್ನೂ ಹುಟ್ಟಿಲ್ಲ.”

“ಅಲ್ಲ ವೇಯ್ನ್,” ಶ್ರೀಪತಿ ತೊದಲಿದ, “ಇದು ಸ್ಮೋಕರ್ ಅಲ್ಲ, ಇದು—”

ವೇಯ್ನ್‌ನ ಮುಖ ಸಪ್ಪಗಾಯಿತು. ಸ್ನೇಹಿತ ಹೋಗಿ ಎಚ್‌ಓಎ ಅಧ್ಯಕ್ಷ ಬಂದು ನಿಂತ. “ಸ್ಮೋಕರ್ ಅಲ್ವಾ? ಹಾಗಾದ್ರೆ ಅದು ಅನುಮತಿಯಿಲ್ಲದ ಕಟ್ಟಡವೇ. ಸೋಮವಾರ ತೆಗೀಬೇಕಾಗುತ್ತಲ್ಲ.”

ಶ್ರೀಪತಿ ಕಟ್ಟೆ ನೋಡಿದ. ದೀಪದ ಬೆಳಕಿನಲ್ಲಿ ಅತ್ತೆ ಕೈಮುಗಿದು ನಿಂತಿದ್ದರು. ಪಕ್ಕದಲ್ಲಿ ನಿಖಿತಾ ಬೆಳಗ್ಗೆಯಿಂದ ಮೊದಲ ಸಲ ಅವನನ್ನು ನೋಡಿ ನಗುತ್ತಿದ್ದಳು.

“ಸ್ಮೋಕರೇ,” ಅಂದ.

“ಹಾಗನ್ನು!” ವೇಯ್ನ್ ಅವನ ಬೆನ್ನಿಗೆ ಗುದ್ದಿದ ಗುದ್ದಿಗೆ ಕನ್ನಡಕ ಹಾರಿತು. “ಮುಂದಿನ ಶನಿವಾರ ಇಡೀ ಕಮಿಟಿ ಇಲ್ಲಿಗೇ ಬರುತ್ತೆ, ಇದರ ಉದ್ಘಾಟನೆ ಆಗಿಬಿಡಲಿ. ಹದಿನಾಲ್ಕು ಪೌಂಡಿನ ಬ್ರಿಸ್ಕೆಟ್ ನಾನೇ ತಂದು ಈ ಗೂಡೊಳಗೆ ತುರುಕ್ತೀನಿ, ಒದ್ದೆ ಮಾಡೋದು ನೀನು!” ಎಂದು ಗಂಟು ಎತ್ತಿಕೊಂಡು, ಪಂಚೆಯ ಸಮೇತ, ಪಾರ್ಕಿನ ಕಡೆ ನಡೆದ.

ಅಮ್ಮಂದಿರೆಲ್ಲ ಶ್ರೀಪತಿಯನ್ನು ಮುತ್ತಿದರು. “ಏನಂದ್ರು, ಏನಂದ್ರು?”

“ಕಟ್ಟೆ ಇರಬಹುದಂತೆ.”

ಶಂಖ ಇದ್ದಿದ್ದರೆ ಊದಿಬಿಡುತ್ತಿದ್ದರು. ನಾಗಮಣಿಯಮ್ಮ ಗಳಗಳ ಅತ್ತೇಬಿಟ್ಟರು. “ನಾನು ಹೇಳ್ಲಿಲ್ವಾ, ಒಳ್ಳೆ ಮನುಷ್ಯ ಅಂತ! ಮುಂದಿನ ಶನಿವಾರ ಅಂತ ಏನೋ ಅಂದ ಹಾಗಿತ್ತು?”

“ಕಮಿಟಿಯವರೆಲ್ಲ ಕಟ್ಟೆ ಹತ್ರ ಬರ್ತಾರಂತೆ.”

“ಬರಲಿ! ನಾವೂ ಎಲ್ಲಾ ಸೇರೋಣ. ಅನಸೂಯಮ್ಮ, ನಿಮ್ಮ ಗುಂಪಿಗೆ ಫೋನ್ ಹಾಕಿ. ಬರಿಗೈಲಿ ಬರಲ್ಲ ಅಂತ ಕಾಣುತ್ತೆ, ಏನು ತರ್ತಾರಂತೆ?”

ಶ್ರೀಪತಿ ಹುಲ್ಲಿನ ಮೇಲೆ ಕನ್ನಡಕ ತಡಕುತ್ತಿದ್ದ. ಬಾಯಿಗೆ ಬಂದ ರ-ಒತ್ತನ್ನು ಈ ಸಲ ಗೊತ್ತಿದ್ದೂ ಗೊತ್ತಿದ್ದೂ ಎಂಜಲಿನ ಜೊತೆ ನುಂಗಿದ.

“ಬಿಸ್ಕೆಟ್ ಅತ್ತೆ.”

“ಪಾಪ! ಕಟ್ಟೆ ಮುಂದೇ ನೈವೇದ್ಯ ಮಾಡಿ ಎಲ್ರಿಗೂ ಹಂಚೋಣ,” ಅಂದರು ನಾಗಮಣಿಯಮ್ಮ ಕಣ್ಣೊರೆಸಿಕೊಳ್ಳುತ್ತ. “ಮೊಟ್ಟೆ ಮಾತ್ರ ಹಾಕಬೇಡಿ ಅಂತ ಈಗಲೇ ಹೇಳಿಬಿಡಿ ಅಳಿಯಂದ್ರೇ.”